ವಯಸ್ಸಾದ ಅಪ್ಪನಿಗೆ ಮಾಂಸ ಅಗಿಯೋಕೆ ಆಗ್ತಿಲ್ಲ. ಆಗಷ್ಟೇ ಕಡಿದ ಮಾಂಸ ಮೆತ್ತಗಿರುತ್ತೆ ಅಂತಾರೆ, ನಿಜಾನಾ?

ಇಲ್ಲ. ಬಹಳ ಸಲ ಅದು ಉಲ್ಟಾ.

ಅಪ್ಪನಿಗೆ 72 ವರ್ಷ, ಡಾಕ್ಟರ್ ಪ್ರೋಟೀನ್ ಜಾಸ್ತಿ ತಿನ್ನಿ ಅಂದಿದ್ದಾರೆ, ತುಂಡು ಮಾತ್ರ ಬಾಯಲ್ಲೇ ಉಳಿದುಬಿಡುತ್ತೆ ಅಂತ ಬರೆದಿದ್ದೀರಿ. ಜೊತೆಗೆ, ಮಾಂಸ ಎಷ್ಟು ಗಟ್ಟಿ ಅಂತ ಲ್ಯಾಬ್‌ನಲ್ಲಿ ಅಳೀತಾರಂತೆ, ತಿಂದು ನೋಡಿದರೆ ಸಾಲದಾ ಅಂತಲೂ ಕೇಳಿದ್ದೀರಿ. ಆ ಅಳೆಯೋ ಕೆಲಸ ನಾನು ಕೆಲವು ವರ್ಷ ಮಾಡಿದ್ದೇನೆ. ಅದಕ್ಕೂ ಮುಂಚೆ ಪ್ಲಾಸ್ಮಾದಿಂದ (ರಕ್ತದ್ದಲ್ಲ, ಕರೆಂಟ್ ಹರಿದು ಹೊಳೆಯೋ ಅನಿಲ) ಹೊರಡುವ ಬೆಳಕನ್ನು ಅಳೆಯುವ ಲ್ಯಾಬ್‌ನಲ್ಲಿದ್ದೆ. ಒಂದು ಹಳೇ ಲೇಸರ್ ರಿಪೇರಿಗೆ ಅಂತ ಮಾಂಸದ ಲ್ಯಾಬ್‌ನವರು ಕರೆದರು. ಹೋದವನು ಅಲ್ಲೇ ಉಳಿದೆ.

ತಿಂದು ನೋಡೋದೂ ಉಂಟು. ಅದಕ್ಕೆ ಅಂತಲೇ ಪಳಗಿದ ಜನರನ್ನು ಕೂರಿಸ್ತಾರೆ. ಆದರೆ ಇಪ್ಪತ್ತು ತುಂಡು ತಿಂದವರ ದವಡೆಗೆ ಮೊದಲನೇ ತುಂಡು ನೆನಪಿರಲ್ಲ. ಹಾಗಾಗಿ ವಾರ್ನರ್-ಬ್ರಾಟ್ಜ್ಲರ್ ಅನ್ನೋ ಯಂತ್ರ ಇದೆ. ಹುಟ್ಟಿದ್ದು ಸುಮಾರು 1930ರ ಹೊತ್ತಿಗೆ, ಅಮೆರಿಕದಲ್ಲಿ. ಮಾಂಸದ ನಡುಭಾಗ 71 ಡಿಗ್ರಿ ಮುಟ್ಟೋ ತನಕ ಬೇಯಿಸಿ, ರಾತ್ರಿಯಿಡೀ ಫ್ರಿಜ್‌ನಲ್ಲಿಟ್ಟು, ಬೆಳಗ್ಗೆ ಅದರಿಂದ ನಾರಿನ ಉದ್ದಕ್ಕೇ 1.27 ಸೆಂ.ಮೀ. ದಪ್ಪದ ಉರುಟು ಕಡ್ಡಿಗಳನ್ನು ಕೊರೆದು ತೆಗೀತೀವಿ. ಕಡ್ಡಿಯನ್ನು ಒಂದು ಮಿಲಿಮೀಟರ್ ದಪ್ಪದ ಬ್ಲೇಡ್ ಅಡ್ಡಡ್ಡ ಕತ್ತರಿಸುತ್ತೆ. ಅದಕ್ಕೆ ಎಷ್ಟು ಕೆಜಿ ಬಲ ಬೇಕಾಯ್ತು ಅನ್ನೋದೇ ಉತ್ತರ. ಮೊದಲ ವಾರ ನಾನು ಕೊರೆದ ಕಡ್ಡಿಗಳೆಲ್ಲ ಬೆಣ್ಣೆ ತರಹ ಕತ್ತರಿಸಿಕೊಂಡವು. ಖುಷಿಯಿಂದ ತೋರಿಸಿದೆ. ಸೀನಿಯರ್ ಒಬ್ಬರು ಕಡ್ಡಿಯನ್ನು ಎತ್ತಿ ಹಿಡಿದು ನೋಡಿ, 'ನಾರಿಗೆ ಅಡ್ಡ ಕೊರೆದಿದ್ದೀಯಲ್ಲಪ್ಪಾ' ಅಂದರು. ಬ್ಲೇಡ್ ನಾರನ್ನು ತುಂಡು ಮಾಡೋ ಬದಲು ನಾರುಗಳ ಸಂದಿಯಲ್ಲಿ ಇಳಿದಿತ್ತು, ಅಷ್ಟೆ. ವಾರದ ಕೆಲಸ ಕಸದ ಬುಟ್ಟಿಗೆ. ಈ ಮಾತಿಗೆ ಆಮೇಲೆ ಬರ್ತೀನಿ.

ಈಗ 'ಆಗಷ್ಟೇ ಕಡಿದ' ವಿಷಯ. ಸತ್ತ ಮೇಲೂ ಸ್ನಾಯು ಸ್ವಲ್ಪ ಹೊತ್ತು ಬದುಕಿರುತ್ತೆ. ತನ್ನಲ್ಲಿರೋ ಸಕ್ಕರೆ ದಾಸ್ತಾನು ಕರಗಿಸಿ ಶಕ್ತಿ ಮಾಡ್ಕೊಳ್ಳುತ್ತೆ. ರಕ್ತ ಹರಿಯಲ್ಲ, ಹಾಗಾಗಿ ಹುಳಿ ಅಲ್ಲೇ ಸೇರುತ್ತೆ. 7ರ ಆಸುಪಾಸು ಇದ್ದ ಪಿಎಚ್ (ಹುಳಿಯ ಅಳತೆ, ಇಳಿದಷ್ಟೂ ಹುಳಿ ಜಾಸ್ತಿ) ಸುಮಾರು 5.5ಕ್ಕೆ ಇಳಿಯುತ್ತೆ. ಶಕ್ತಿ ಪೂರ್ತಿ ಮುಗಿದಾಗ, ಒಂದರೊಳಗೊಂದು ಜಾರುತ್ತಿದ್ದ ಎಳೆಗಳು ಹಿಡಿದ ಹಿಡಿ ಬಿಡದೆ ಬೀಗ ಹಾಕಿಕೊಳ್ಳುತ್ತವೆ. ಹೆಣ ಸೆಟೆದುಕೊಳ್ಳೋದು ಅಂತೀವಲ್ಲ, ಅದೇ. ಕೋಳಿಯಲ್ಲಿ ಕೆಲವೇ ಗಂಟೆಯಲ್ಲಿ ಆಗುತ್ತೆ, ದೊಡ್ಡ ಪ್ರಾಣಿಯಲ್ಲಿ ಒಂದು ದಿನದ ತನಕ ಹಿಡಿಯಬಹುದು. 1994ರಲ್ಲಿ ಅಮೆರಿಕದ ಒಂದು ಅಧ್ಯಯನ ಕುರಿಮರಿಯ ಬೆನ್ನಿನ ಸ್ನಾಯುವನ್ನು ಇದೇ ಬ್ಲೇಡ್‌ನಿಂದ ಅಳೆಯಿತು. ಕಡಿದ ತಕ್ಷಣ ಸುಮಾರು 5 ಕೆಜಿ. 24 ಗಂಟೆಗೆ ಎಂಟೂವರೆ ದಾಟಿತ್ತು. 14 ದಿನಕ್ಕೆ 3ರ ಹತ್ತಿರ. ಅಂದ್ರೆ ಬೆಳಗ್ಗೆ ಕಡಿದದ್ದನ್ನು ಸಂಜೆ ಬೇಯಿಸಿದರೆ, ಅದು ಗಟ್ಟಿಯಾಗ್ತಾ ಹೋಗೋ ಹೊತ್ತಿಗೇ ಸರಿಯಾಗಿ ಹಿಡಿದ ಹಾಗೆ.

ಲೇಸರ್ ಅಂದೆನಲ್ಲ, ಅದರ ಕೆಲಸ ಇಲ್ಲಿ. ಸ್ನಾಯುವಿನ ಎಳೆಯಲ್ಲಿ ಉದ್ದಕ್ಕೂ ಪಟ್ಟೆ ಪಟ್ಟೆ ಇರುತ್ತೆ. ಒಂದು ಪಟ್ಟೆಯಿಂದ ಇನ್ನೊಂದಕ್ಕೆ ಸುಮಾರು 2 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್). ಚಿಮಟದಲ್ಲಿ ನಾಲ್ಕು ಎಳೆ ಬಿಡಿಸಿ ಗಾಜಿನ ಮೇಲಿಟ್ಟು ಹೀಲಿಯಂ-ನಿಯಾನ್ ಲೇಸರ್ ಬಿಟ್ಟರೆ ಆ ಪಟ್ಟೆಗಳು ಬೆಳಕನ್ನು ಸೀಳುತ್ತವೆ, ಪರದೆಯ ಮೇಲೆ ಕೆಂಪು ಗೆರೆಗಳು ಮೂಡುತ್ತವೆ. (ಆ ಲೇಸರ್ ಕೊಳವೆಯೊಳಗೆ ಹೊಳೆಯೋದೂ ಪ್ಲಾಸ್ಮಾನೇ. ನನಗೆ ಹಳೇ ಗೆಳೆಯ ಸಿಕ್ಕ ಹಾಗಾಗಿತ್ತು.) ಪರದೆ 10 ಸೆಂ.ಮೀ. ದೂರ ಇದ್ದರೆ, ನಡುವಿನ ಚುಕ್ಕೆಯಿಂದ ಮೊದಲ ಗೆರೆಗೆ ಸುಮಾರು 33 ಮಿ.ಮೀ. ಬರಬೇಕು. ಒಂದು ದಿನ ನನಗೆ 51 ಬಂತು. ಪಟ್ಟೆ ಹತ್ತಿರವಾದಷ್ಟೂ ಗೆರೆ ದೂರ ಸರಿಯುತ್ತೆ. ಲೆಕ್ಕ ಹಾಕಿದರೆ 1.4 ಮೈಕ್ರಾನ್. ಸ್ನಾಯು ಮುದುಡಿ ಹೋಗಿತ್ತು. ತಪ್ಪು ನನ್ನದೇ. ಆಗಷ್ಟೇ ಬಂದ ತುಂಡನ್ನು ಕೆಡದಿರಲಿ ಅಂತ ಸೀದಾ ಐಸ್‌ನಲ್ಲಿ ಇಟ್ಟಿದ್ದೆ. ಸೆಟೆದುಕೊಳ್ಳುವ ಮೊದಲೇ ಸುಮಾರು 10 ಡಿಗ್ರಿಗಿಂತ ಕೆಳಗೆ ಹೋದರೆ ಸ್ನಾಯು ತನ್ನೊಳಗಿನ ಕ್ಯಾಲ್ಸಿಯಂ ಹಿಡಿದಿಟ್ಟುಕೊಳ್ಳಲಾರದು, ಕುಗ್ಗಿ ಹಾಗೇ ಬೀಗ ಬೀಳುತ್ತೆ. ನ್ಯೂಜಿಲೆಂಡ್‌ನಲ್ಲಿ ಲಾಕರ್ ಅನ್ನೋ ವಿಜ್ಞಾನಿ ಸ್ನಾಯು ಕುಗ್ಗಿದರೆ ಮಾಂಸ ಗಟ್ಟಿಯಾಗುತ್ತೆ ಅಂತ 1960ರಲ್ಲೇ ತೋರಿಸಿದ್ದರು. ಕುರಿಮಾಂಸವನ್ನು ಬೇಗ ಬೇಗ ಹೆಪ್ಪುಗಟ್ಟಿಸಿ ಹಡಗಿಗೆ ಹಾಕ್ತಿದ್ದ ಆ ದೇಶಕ್ಕೆ ಇದು ದೊಡ್ಡ ತಲೆನೋವಾಗಿತ್ತು. ತಣ್ಣಗಾಗುವ ಮೊದಲೇ ಸೆಟೆದುಕೊಳ್ಳಲಿ ಅಂತ, ಕಡಿದ ಕೂಡಲೇ ಮೈಗೆ ಕರೆಂಟ್ ಹಾಯಿಸಿ, ಸ್ನಾಯುವಿನ ಶಕ್ತಿ ಬೇಗ ಖರ್ಚು ಮಾಡಿಸೋ ಉಪಾಯ ಆಮೇಲೆ ಬಳಕೆಗೆ ಬಂತು.

ಬೀಗ ಬಿದ್ದ ಮೇಲೆ ಮೆತ್ತಗಾಗೋದು ಹೇಗೆ? ಬೀಗ ತೆರೆಯಲ್ಲ. ಕ್ಯಾಲ್ಪೈನ್ ಅನ್ನೋ ಕಿಣ್ವ ಆ ಎಳೆಗಳನ್ನು ಕಟ್ಟಿ ಹಿಡಿದ ಪ್ರೋಟೀನ್‌ಗಳನ್ನು ನಿಧಾನಕ್ಕೆ ಕತ್ತರಿಸುತ್ತೆ. ಮನೆಯ ಇಟ್ಟಿಗೆ ಹಾಗೇ ಇದ್ದು ಗಾರೆ ಉದುರಿದ ಹಾಗೆ. ಫ್ರೀಜರ್‌ನಲ್ಲಿ ಈ ಕೆಲಸ ಹೆಚ್ಚುಕಡಿಮೆ ನಿಂತೇ ಹೋಗುತ್ತೆ. ಆದ್ದರಿಂದ ತಂದ ತಕ್ಷಣ ಫ್ರೀಜ್ ಮಾಡಬೇಡಿ. ಮೂಳೆ ಸಮೇತ ದೊಡ್ಡ ತುಂಡಾಗಿ ತನ್ನಿ, ಮೂಳೆ ಹಿಡಿದಿದ್ದರೆ ಸ್ನಾಯು ಅಷ್ಟಾಗಿ ಕುಗ್ಗಲ್ಲ. 4 ಡಿಗ್ರಿ ಅಥವಾ ಅದಕ್ಕೂ ಕೆಳಗಿರೋ ಫ್ರಿಜ್‌ನಲ್ಲಿ ಎರಡು ಮೂರು ದಿನ ಇಡಿ. ಹೊರಗಡೆ ಇಟ್ಟು ಹದ ಮಾಡೋಕೆ ಮಾತ್ರ ಹೋಗಬೇಡಿ, ಕೆಟ್ಟರೆ ಹೊಟ್ಟೆಗೆ ಬರುತ್ತೆ.

ಎಷ್ಟು ದಿನ ಇಟ್ಟರೂ ಬಗ್ಗದ್ದು ಇನ್ನೊಂದಿದೆ, ಕೊಲಾಜನ್, ಅಂದ್ರೆ ಸ್ನಾಯುವನ್ನು ಸುತ್ತಿ ಕಟ್ಟಿರೋ ಗಟ್ಟಿ ಪ್ರೋಟೀನ್. ಬಲಿತ ಪ್ರಾಣಿಯಲ್ಲಿ, ಅದರಲ್ಲೂ ಓಡಾಡಿದ ಕಾಲಿನಲ್ಲಿ, ಅದು ಗಟ್ಟಿ ಹೆಣೆದುಕೊಂಡಿರುತ್ತೆ. ಅದಕ್ಕೆ ನೀರು, ಸಣ್ಣ ಉರಿ, ಗಂಟೆಗಟ್ಟಲೆ ಸಮಯ.

ಪ್ರೋಟೀನ್ ಲೆಕ್ಕ ಚಿಕ್ಕದು. ದೊಡ್ಡವರಿಗೆ ಸಾಮಾನ್ಯವಾಗಿ ಹೇಳೋದು ದಿನಕ್ಕೆ ದೇಹದ ತೂಕದ ಕೆಜಿಗೆ 0.8 ಗ್ರಾಂ. 65 ದಾಟಿದವರಿಗೆ 1ರಿಂದ 1.2 ಗ್ರಾಂ ಬೇಕು ಅಂತ 2013ರಲ್ಲಿ ತಜ್ಞರ ಒಂದು ಗುಂಪು ಹೇಳಿತು. ಕಿಡ್ನಿ ತೊಂದರೆ ಇದ್ದರೆ ಈ ಲೆಕ್ಕ ನಡೆಯಲ್ಲ, ಡಾಕ್ಟರ್ ಹತ್ತಿರವೇ ಗ್ರಾಂನಲ್ಲಿ ಕೇಳಿ. ಅದೇ ವರ್ಷ ನೆದರ್ಲ್ಯಾಂಡ್ಸ್‌ನಲ್ಲಿ ಎಪ್ಪತ್ತು ದಾಟಿದ ಗಂಡಸರಿಗೆ ಒಂದು ಸಲ ಇಡೀ ತುಂಡು, ಇನ್ನೊಂದು ಸಲ ಅಷ್ಟೇ ತೂಕದ ಕೈಮಾ ತಿನ್ನಿಸಿ ನೋಡಿದರು. ಕೈಮಾದ ಪ್ರೋಟೀನ್ ಬೇಗ, ಜಾಸ್ತಿ ರಕ್ತಕ್ಕೆ ಸೇರಿತು. ಅಳೆದ ಆರು ಗಂಟೆಯಲ್ಲಿ ಸ್ನಾಯು ಕಟ್ಟುವ ವೇಗದಲ್ಲಿ ಮಾತ್ರ ಹೇಳಿಕೊಳ್ಳೋ ವ್ಯತ್ಯಾಸ ಕಾಣಲಿಲ್ಲ. ಆದರೂ ಅಗಿಯೋಕೆ ಆಗದವರಿಗೆ ನಾನು ಕೈಮಾ ಅಂತಲೇ ಹೇಳ್ತೀನಿ. ತಟ್ಟೆಯಲ್ಲೇ ಬಿಟ್ಟ ತುಂಡಿನಿಂದ ಏನೂ ಸಿಗಲ್ಲ ಅಲ್ವಾ.

ಅಪ್ಪನಿಗೆ ತುಂಡೇ ಬೇಕು ಅಂದರೆ, ಮೊದಲ ವಾರ ನಾನು ಮಾಡಿದ ತಪ್ಪನ್ನೇ ನೀವು ಬೇಕಂತ ಮಾಡಿ. ಬೆಂದ ಮಾಂಸವನ್ನು ಬೆಳಕಿಗೆ ಹಿಡಿದು ನಾರು ಯಾವ ಕಡೆ ಓಡುತ್ತೆ ನೋಡಿ. ಅದಕ್ಕೆ ಅಡ್ಡಲಾಗಿ, ಬೆರಳ ಅರ್ಧ ದಪ್ಪಕ್ಕೂ ಕಡಿಮೆ, ತೆಳ್ಳಗೆ ಕತ್ತರಿಸಿ ಕೊಡಿ. ಉದ್ದದ ನಾರನ್ನು ಚಾಕುವೇ ತುಂಡು ಮಾಡಿರುತ್ತೆ, ಹಲ್ಲಿಗೆ ಉಳಿಯೋದು ಅವನ್ನು ಬಿಡಿಸೋ ಕೆಲಸ ಅಷ್ಟೇ.