ತೂಕ ಇಳಿಸಲು ಅನ್ನ ಬಿಡಬೇಕಾ, ಎಣ್ಣೆ-ತುಪ್ಪ ಬಿಡಬೇಕಾ?

ತೂಕ ಇಳಿಸಬೇಕು, ಅನ್ನ ಬಿಡಲೋ ಎಣ್ಣೆ-ತುಪ್ಪ ಬಿಡಲೋ ಅಂತ ಕೇಳಿದ್ದೀರಿ. ಎರಡನ್ನೂ ಪೂರ್ತಿ ಬಿಡಬೇಡಿ. ಮೊದಲು ಎಣ್ಣೆ ಅಳೆದು ಹಾಕಿ, ಆಮೇಲೆ ಅನ್ನದ ಮಾತು.

ಒಂದು ಗ್ರಾಂ ಕಾರ್ಬೋಹೈಡ್ರೇಟ್‌ನಲ್ಲಿ 4 ಕ್ಯಾಲೊರಿ, ಒಂದು ಗ್ರಾಂ ಕೊಬ್ಬಿನಲ್ಲಿ 9. ತಟ್ಟೆಯಲ್ಲಿರುವ ಅನ್ನ ಕಣ್ಣಿಗೆ ಕಾಣುತ್ತದೆ, ಎಣ್ಣೆ ಕಾಣುವುದಿಲ್ಲ. ಬೆಳಿಗ್ಗೆ ಚಿತ್ರಾನ್ನ, ಮಧ್ಯಾಹ್ನ ಪಲ್ಯ, ಸಾರಿಗೆ ಇನ್ನೊಂದು ಒಗ್ಗರಣೆ, ರಾತ್ರಿ ದೋಸೆ ಕಾವಲಿಗೆ ಒಂದಿಷ್ಟು. ಕ್ಯಾನಿನಿಂದ ನೇರವಾಗಿ ಬಾಣಲೆಗೆ ಸುರಿದರೆ ಎಷ್ಟು ಬಿತ್ತು ಅಂತ ಯಾರಿಗೂ ತಿಳಿಯುವುದಿಲ್ಲ. ಒಂದು ಟೇಬಲ್ ಚಮಚ ಎಣ್ಣೆ ಅಂದರೆ ಸುಮಾರು 120 ಕ್ಯಾಲೊರಿ. ಕಡಲೆಕಾಯಿ ಎಣ್ಣೆ, ಕೊಬ್ಬರಿ ಎಣ್ಣೆ, ದುಬಾರಿ ಆಲಿವ್ ಎಣ್ಣೆ, ಯಾವುದಾದರೂ ಅಷ್ಟೇ. ನಾನು ಒಗ್ಗರಣೆ ಡಬ್ಬಿಯ ಪಕ್ಕದಲ್ಲೇ ಒಂದು ಟೀ ಚಮಚ ಇಟ್ಟಿದ್ದೇನೆ. ಸಾಸಿವೆ ಚಟಪಟ ಅನ್ನೋಕೆ ಎರಡು ಚಮಚ ಧಾರಾಳ ಸಾಕು.

ಹಾಗಂತ ಕೊಬ್ಬೇ ಬೇಡ ಅನ್ನಬೇಡಿ. ಎ, ಡಿ, ಇ, ಕೆ ವಿಟಮಿನ್‌ಗಳು ಮೈಗೆ ಹತ್ತಬೇಕಾದರೆ ಊಟದಲ್ಲಿ ಕೊಬ್ಬು ಇರಲೇಬೇಕು. ಒಮೆಗಾ-3 ಕೊಬ್ಬಿನ ಒಂದು ಬಗೆಯನ್ನು ನಮ್ಮ ದೇಹ ತಾನಾಗಿ ತಯಾರಿಸಿಕೊಳ್ಳುವುದಿಲ್ಲ, ಊಟದಿಂದಲೇ ಸಿಗಬೇಕು. ಉತ್ತರ ಕರ್ನಾಟಕದವರ ಅಗಸಿ ಚಟ್ನಿಪುಡಿಯಲ್ಲಿ ಅದು ಬೇಕಾದಷ್ಟಿದೆ.

ಇನ್ನು ಅನ್ನ. 'ಅನ್ನ ಬಿಟ್ಟೆ, ವಾರಕ್ಕೆ ಎರಡು ಕೆಜಿ ಇಳಿದೆ' ಅನ್ನುವವರನ್ನು ನೀವೂ ನೋಡಿರುತ್ತೀರಿ, ಅಲ್ವಾ? ಅದರಲ್ಲಿ ಜಾಸ್ತಿ ಪಾಲು ನೀರು. ದೇಹ ಒಂದಿಷ್ಟು ಕಾರ್ಬೋಹೈಡ್ರೇಟನ್ನು ಲಿವರ್ ಮತ್ತು ಸ್ನಾಯುಗಳಲ್ಲಿ ಗ್ಲೈಕೋಜನ್ ಆಗಿ ಕೂಡಿಡುತ್ತದೆ. ಅದರ ಒಂದೊಂದು ಗ್ರಾಂ ಜೊತೆ ಸುಮಾರು 3 ಗ್ರಾಂ ನೀರು ಇರುತ್ತದೆ. ಅದು ಖಾಲಿಯಾದಾಗ ನೀರೂ ಹೋಗುತ್ತದೆ, ಮತ್ತೆ ಅನ್ನ ಉಂಡರೆ ವಾಪಸ್ ಬರುತ್ತದೆ. ಕರಗಬೇಕಾದ ಬೊಜ್ಜು ಹೆಚ್ಚುಕಡಿಮೆ ಹಾಗೇ ಇರುತ್ತದೆ.

ಅನ್ನದ ಬದಲು ಮುದ್ದೆ ತಿಂದರೆ ಒಳ್ಳೆಯದೇ. ಆದರೆ 100 ಗ್ರಾಂ ಬಿಳಿ ಅಕ್ಕಿಯಲ್ಲಿ ಕಾರ್ಬೋಹೈಡ್ರೇಟ್ ಸುಮಾರು 78 ಗ್ರಾಂ ಇದ್ದರೆ, ರಾಗಿಯಲ್ಲೂ 67 ಗ್ರಾಂ ಇದೆ. ದೊಡ್ಡ ವ್ಯತ್ಯಾಸ ಇರುವುದು ನಾರಿನಲ್ಲಿ. ರಾಗಿಯಲ್ಲಿ ಸುಮಾರು 11 ಗ್ರಾಂ, ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಹಾಗಾಗಿ ಮುದ್ದೆ ಉಂಡರೆ ಬೇಗ ಹಸಿವಾಗುವುದಿಲ್ಲ. ರಾಗಿ ಅಂತ ಎರಡು ದಪ್ಪ ಮುದ್ದೆ ನುಂಗಿದರೆ ಮಾತ್ರ ಲಾಭವಿಲ್ಲ.

ಏನನ್ನಾದರೂ ಬಿಡಲೇಬೇಕು ಅಂದರೆ ಬೇಕರಿ ಪಫ್ಸ್ ಬಿಡಿ. ಅದರಲ್ಲಿ ಮೈದಾ, ಕೊಬ್ಬು ಎರಡೂ ಒಟ್ಟಿಗೆ ಇವೆ, ನಾರು ಇಲ್ಲವೇ ಇಲ್ಲ ಅನ್ನಬಹುದು.

ಶುಗರ್ ಮಾತ್ರೆ ಅಥವಾ ಇನ್ಸುಲಿನ್ ತಗೊಳ್ತಿದ್ದರೆ ಮಾತ್ರ ಅನ್ನವನ್ನು ಒಮ್ಮೆಲೇ ಕಡಿಮೆ ಮಾಡಬೇಡಿ. ಶುಗರ್ ತೀರಾ ಇಳಿದುಬಿಡಬಹುದು. ಮೊದಲು ನಿಮ್ಮ ಡಾಕ್ಟರನ್ನು ಕೇಳಿ, ಡೋಸ್ ಬದಲಿಸಬೇಕಾಗಬಹುದು.