ಮಿಲಿಪೋರ್ ಎಂಬ ಫಿಲ್ಟರ್ ಕಂಪನಿ ಹುಟ್ಟಿದ್ದು ಹೇಗೆ?

ಜರ್ಮನಿಯ ಒಂದು ಫಿಲ್ಟರ್ ತಂತ್ರಜ್ಞಾನ ಎರಡನೇ ಮಹಾಯುದ್ಧದ ನಂತರ ಅಮೆರಿಕಕ್ಕೆ ಹೋಯಿತು. ಅದೇ 1954ರಲ್ಲಿ ಮಿಲಿಪೋರ್ ಆಯಿತು.

ಈ ಪೊರೆಯಂಥ ಫಿಲ್ಟರ್‌ಗೆ ಮೆಂಬ್ರೇನ್ ಅಂತಾರೆ. ಜರ್ಮನಿಯ ಗ್ಯೋಟಿಂಗನ್ ಊರಿನಲ್ಲಿ ಇದನ್ನು ರೂಪಿಸಿದವರು ರಸಾಯನ ವಿಜ್ಞಾನಿ ರಿಚರ್ಡ್ ಜಿಗ್ಮಾಂಡಿ. ಅಲ್ಲಿ 1927ರಲ್ಲೇ ಇದನ್ನು ಮಾಡುವ ಕಂಪನಿ ಇತ್ತು. ಆದರೆ ಇದರ ಮಹತ್ವ ಗೊತ್ತಾಗಿದ್ದು ಯುದ್ಧದಲ್ಲಿ. ಬಾಂಬ್ ಬಿದ್ದ ಊರುಗಳಲ್ಲಿ ಕುಡಿಯುವ ನೀರು ಕೆಟ್ಟಿದೆಯಾ ಅಂತ ಬೇಗ ತಿಳಿಯಬೇಕಿತ್ತು.

ಮಾಮೂಲಿ ಫಿಲ್ಟರ್ ಪೇಪರ್ ಅಂದರೆ ನಾರಿನ ಗೋಜಲು. ಕಸ ಒಳಗೆಲ್ಲೋ ಸಿಕ್ಕಿಕೊಳ್ಳುತ್ತದೆ. ಮೆಂಬ್ರೇನ್‌ನ ರಂಧ್ರಗಳು ಹೆಚ್ಚುಕಡಿಮೆ ಒಂದೇ ಅಳತೆಯವು, ನೀರಿನ ಪರೀಕ್ಷೆಗಾದರೆ ಸುಮಾರು 0.45 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗವೇ ಮೈಕ್ರಾನ್). ಹಾಗಾಗಿ ಬ್ಯಾಕ್ಟೀರಿಯಾ ಮೇಲೇ ಉಳಿಯುತ್ತವೆ. ನೀರು ಸೋಸಿದ ಆ ಬಿಳಿ ಬಿಲ್ಲೆಯನ್ನು ಪೋಷಕ ದ್ರವದಲ್ಲಿ ನೆನೆಸಿದ ಪ್ಯಾಡ್ ಮೇಲೆ ಇಟ್ಟರೆ, ಆಹಾರ ರಂಧ್ರಗಳ ಮೂಲಕ ಮೇಲೇರುತ್ತದೆ. ಮರುದಿನ ಬ್ಯಾಕ್ಟೀರಿಯಾ ಬೆಳೆದು ಚುಕ್ಕೆಗಳಾಗಿ ಕಾಣುತ್ತವೆ. ಸುಮ್ನೆ ಎಣಿಸಿದರಾಯಿತು!

ಯುದ್ಧ ಮುಗಿದ ಮೇಲೆ ಅಮೆರಿಕದ ಸೇನೆ ಈ ಕೆಲಸಕ್ಕೆ ಹಣ ಕೊಟ್ಟಿತು. ಅಲ್ಲಿನ ಕ್ಯಾಲ್‌ಟೆಕ್ ವಿಶ್ವವಿದ್ಯಾಲಯದ ಅಲೆಕ್ಸಾಂಡರ್ ಗೋಟ್ಸ್ ತಯಾರಿಕೆಯನ್ನು ಸುಧಾರಿಸಿದರು. ಲವೆಲ್ ಕೆಮಿಕಲ್ ಎಂಬ ಕಂಪನಿ ಅದನ್ನು ಮಾಡತೊಡಗಿತು. ಅಲ್ಲಿದ್ದ ಜ್ಯಾಕ್ ಬುಷ್ ಆ ಫಿಲ್ಟರ್ ವ್ಯವಹಾರವನ್ನು ಕೊಂಡು ಮಿಲಿಪೋರ್ ಕಟ್ಟಿದರು.

ನನ್ನ ಪ್ರಕಾರ ಕಂಪನಿ ಬೆಳೆಯಲು ನೀರಿಗಿಂತ ಔಷಧಿಯೇ ಜಾಸ್ತಿ ಕಾರಣ. ಬಿಸಿ ತಡೆಯದ ಇಂಜೆಕ್ಷನ್ ದ್ರವವನ್ನು ಕುದಿಸುವಂತಿಲ್ಲ, ಅಲ್ವಾ? 0.22 ಮೈಕ್ರಾನ್ ಮೆಂಬ್ರೇನ್‌ನಲ್ಲಿ ಸೋಸಿದರೆ ಬ್ಯಾಕ್ಟೀರಿಯಾ ಮೇಲೇ ಉಳಿಯುತ್ತವೆ, ಔಷಧಿ ಕೆಡುವುದಿಲ್ಲ. 2010ರಲ್ಲಿ ಮಿಲಿಪೋರನ್ನು ಕೊಂಡಿದ್ದು ಜರ್ಮನಿಯ ಮರ್ಕ್ ಕಂಪನಿ.