ಸೋಮವಾರದ ಮುಚ್ಚಿದ ಬಾಗಿಲುಗಳು

ಪ್ರಶ್ನೆ: ಮಾನ್ಯರೇ, ನಾನು ನಿವೃತ್ತ ಪ್ರೌಢಶಾಲಾ ಶಿಕ್ಷಕ. ಈಗ ಆನಗೋಡು ಸಮೀಪದ ನಮ್ಮ ನಾಲ್ಕು ಎಕರೆಯಲ್ಲಿ ಮೆಕ್ಕೆಜೋಳ ಬೆಳೆಯುತ್ತಿದ್ದೇನೆ. ಮಗಳು ಮತ್ತು ಅಳಿಯ ಮೆಕ್ಸಿಕೋ ದೇಶದ ಮಾಂಟೆರೇ ನಗರದಲ್ಲಿದ್ದಾರೆ. ಕಳೆದ ಜುಲೈಯಲ್ಲಿ ಅವರಲ್ಲಿಗೆ ಹೋಗಿದ್ದ ನಾವಿಬ್ಬರೂ ಹಿಂದಿರುಗುವಾಗ ರಾಜಧಾನಿ ಮೆಕ್ಸಿಕೋ ಸಿಟಿಯಲ್ಲಿ ಒಂದು ದಿನ ತಂಗಿದೆವು. ಅಳಿಯಂದಿರು ಕಾರನ್ನೂ ಒಬ್ಬ ಗೈಡನ್ನೂ ಗೊತ್ತುಮಾಡಿದ್ದರು. ಅಂದು ಸೋಮವಾರ. ಮ್ಯೂಸಿಯಂ ಮುಚ್ಚಿತ್ತು, ಅದರ ಎದುರಿನ ಉದ್ಯಾನದ ಗೇಟಿಗೆ ಬೀಗವಿತ್ತು, ಹಳೆಯ ದೇವಾಲಯದ ಅವಶೇಷಗಳ ಬಳಿಯೂ ಅದೇ ಕಥೆ. ದೊಡ್ಡ ಚೌಕದಲ್ಲಿ ಸ್ವಲ್ಪ ನಡೆಯುವಷ್ಟರಲ್ಲಿ ನನ್ನ ಮನೆಯವರಿಗೆ ಏದುಸಿರು ಬಂತು. ಊಟಕ್ಕೆ ಕೂತರೆ ಅನ್ನದಲ್ಲಿ ಕೋಳಿಯ ವಾಸನೆ. ಅವರು ತಟ್ಟೆ ಮುಟ್ಟಲಿಲ್ಲ. ಮೂರು ಗಂಟೆಗೆ ಜಡಿಮಳೆ ಹಿಡಿಯಿತು. ಉಳಿದ ಹೊತ್ತನ್ನು ಗೈಡ್ ತನಗೆ ಪರಿಚಯವಿದ್ದ ಬೆಳ್ಳಿ ಅಂಗಡಿಯಲ್ಲಿ ಕಳೆಯಿಸಿದ. ಊರಿಗೆ ಬಂದ ಮೇಲೆ ‘ಏನು ನೋಡಿದಿರಿ ಮೇಷ್ಟ್ರೇ’ ಎಂದು ಕೇಳಿದವರಿಗೆ ಉತ್ತರ ಹೇಳಲಾಗಲಿಲ್ಲ. ಬರುವ ಜನವರಿಯಲ್ಲಿ ಮಗಳು ಮತ್ತೆ ಕರೆಯುತ್ತಿದ್ದಾಳೆ. ಆ ನಗರದಲ್ಲಿ ಇನ್ನೊಂದು ದಿನ ಕಳೆಯುವುದರಲ್ಲಿ ಅರ್ಥವಿದೆಯೇ? ತಮ್ಮ ಅಭಿಪ್ರಾಯ ತಿಳಿಸಬೇಕು.

— ಓದುಗರೊಬ್ಬರು, ದಾವಣಗೆರೆ ತಾಲ್ಲೂಕು

ಉತ್ತರ: ಖಂಡಿತ ಇದೆ, ಮೇಷ್ಟ್ರೇ. ಒಂದು ದಿನವಲ್ಲ, ಸಾಧ್ಯವಾದರೆ ಎರಡು ದಿನ ಇಟ್ಟುಕೊಳ್ಳಿ. ನಿಮ್ಮ ಪತ್ರ ಓದಿ ನನಗೆ ಬೇಸರವಾದದ್ದು ನೀವು ಆ ಊರಿಗೆ ಹೋಗಿದ್ದಕ್ಕಲ್ಲ. ನಿಮ್ಮನ್ನು ಸುತ್ತಾಡಿಸಿದವರು ಮೊದಲೇ ಹೇಳಬೇಕಾಗಿದ್ದ ಒಂದು ಮಾತನ್ನು ಹೇಳದೆ ಹೋದದ್ದಕ್ಕೆ. ಮೆಕ್ಸಿಕೋ ಸಿಟಿಯಲ್ಲಿ ಸರ್ಕಾರದ ಮ್ಯೂಸಿಯಂಗಳಿಗೆ ಸೋಮವಾರ ವಾರದ ರಜೆ. ರಾಷ್ಟ್ರೀಯ ಮಾನವಶಾಸ್ತ್ರ ಮ್ಯೂಸಿಯಂ, ಚಾಪುಲ್ಟೆಪೆಕ್ ಕೋಟೆಮನೆ, ಅದರ ಸುತ್ತಲಿನ ಉದ್ಯಾನದ ಮುಖ್ಯ ಭಾಗ, ಟೆಂಪ್ಲೊ ಮಾಯೋರ್ ಎಂಬ ಹಳೆಯ ದೇವಾಲಯದ ಅವಶೇಷಗಳು, ಎಲ್ಲವೂ ಅಂದು ಬಾಗಿಲು ಹಾಕಿರುತ್ತವೆ. ಮಂಗಳವಾರ ಕ್ಷೌರದಂಗಡಿ ತೆರೆದಿರುವುದಿಲ್ಲವೆಂದು ನಮ್ಮ ಊರಿನ ಮಕ್ಕಳಿಗೂ ಗೊತ್ತು, ಆದರೆ ಪರಊರಿನಿಂದ ಬಂದವರಿಗೆ ಅದನ್ನು ನಾವೇ ಹೇಳಬೇಕು. ಹಣ ಪಡೆದು ಊರು ತೋರಿಸುವವನಿಗಂತೂ ಅದು ಮೊದಲ ಕರ್ತವ್ಯ.

ನಿಮ್ಮ ಮನೆಯವರ ಏದುಸಿರಿಗೆ ಅವರ ವಯಸ್ಸೊಂದೇ ಕಾರಣವೆಂದು ಭಾವಿಸಬೇಡಿ. ಆ ನಗರ ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿದೆ, ಅಂದರೆ ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತಲೂ 300 ಮೀಟರಿನಷ್ಟು ಮೇಲೆ. ಮಾಂಟೆರೇ ಇರುವುದಾದರೋ ಹೆಚ್ಚುಕಡಿಮೆ ದಾವಣಗೆರೆಯ ಎತ್ತರದಲ್ಲೇ. ಅಲ್ಲಿಂದ ವಿಮಾನದಲ್ಲಿ ನೇರವಾಗಿ ಬಂದಿಳಿದು ಅದೇ ದಿನ ಬಿರುಸಾಗಿ ಓಡಾಡಿದರೆ ಗಟ್ಟಿಮುಟ್ಟಾದವರಿಗೂ ಉಸಿರು ಹತ್ತುತ್ತದೆ. ಆದರೂ ಮುಂದಿನ ಪ್ರಯಾಣಕ್ಕೆ ಮುನ್ನ ಅವರನ್ನು ಒಮ್ಮೆ ವೈದ್ಯರಿಗೆ ತೋರಿಸಿಕೊಂಡೇ ಹೊರಡಿ. ಇನ್ನು ಜುಲೈ ಅಲ್ಲಿ ಮಳೆಗಾಲ. ಬೆಳಿಗ್ಗೆ ಬಿಸಿಲಿದ್ದು ಮಧ್ಯಾಹ್ನ ಮೂರರ ಮೇಲೆ ಮಳೆ ಸುರಿಯುವುದು ಅಲ್ಲಿಯ ವಾಡಿಕೆ. ಜನವರಿಯಲ್ಲಿ ಆ ತೊಂದರೆ ಇಲ್ಲ, ಬೆಳಗಿನ ಚಳಿಗೆ ಒಂದು ಶಾಲು ಬೇಕಾಗುತ್ತದೆ, ಅಷ್ಟೆ.

ಆದರೆ ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಬೇರೆ. ನೀವು ‘ಸ್ವಲ್ಪ ನಡೆದೆವು’ ಎಂದು ಒಂದೇ ಮಾತಿನಲ್ಲಿ ಮುಗಿಸಿರುವ ಆ ದೊಡ್ಡ ಚೌಕ, ಅಲ್ಲಿಯವರು ಸೊಕಾಲೊ ಎನ್ನುವ ಜಾಗ, ಸೋಮವಾರವೂ ಮುಚ್ಚುವಂಥದ್ದಲ್ಲ. ನಿಮ್ಮ ಕಾಲಡಿಯಲ್ಲಿ ಒಂದು ಕೆರೆಯಿತ್ತು. ಟೆಶ್ಕೋಕೊ ಎಂಬ ಆ ಸರೋವರದ ನಡುಗಡ್ಡೆಯ ಮೇಲೆ ಅಜ್ಟೆಕ್ ಜನರು 1325ರಲ್ಲಿ ಟೆನೋಚ್ಟಿಟ್ಲಾನ್ ನಗರವನ್ನು ಕಟ್ಟಿದರೆಂಬುದು ಅವರ ಪರಂಪರೆಯ ಲೆಕ್ಕ. 1521ರಲ್ಲಿ ಸ್ಪೇನಿನವರು ಅದನ್ನು ಗೆದ್ದು, ಕೆಡವಿ, ಅದರ ಕಲ್ಲುಗಳನ್ನೇ ಬಳಸಿ ತಮ್ಮ ನಗರವನ್ನು ಎಬ್ಬಿಸಿದರು. ಮುಂದೆ ಶತಮಾನಗಳ ಕಾಲ ಸರೋವರವನ್ನು ಬತ್ತಿಸುತ್ತ ಬಂದರು. ಹೀಗೆ ಕೆರೆಯಂಗಳದ ಜೇಡಿಮಣ್ಣಿನ ಮೇಲೆ ನಿಂತ ಊರು ಇಂದು ತನ್ನ ಕುಡಿಯುವ ನೀರಿನ ದೊಡ್ಡ ಪಾಲನ್ನು ಅದೇ ನೆಲದಡಿಯಿಂದ ಎತ್ತುತ್ತಿರುವುದರಿಂದ, ನೀರು ಕಳೆದುಕೊಂಡ ಜೇಡಿ ಅಮುಕಿಕೊಂಡು, ಕೆಲವು ಬಡಾವಣೆಗಳು ವರ್ಷಕ್ಕೆ ಒಂದಡಿಗೂ ಹೆಚ್ಚು ಕುಸಿಯುತ್ತಿವೆ. ಕೊಳವೆಬಾವಿ ಬತ್ತುವುದನ್ನು ಕಂಡಿರುವ ನಮ್ಮ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇದನ್ನು ಕಣ್ಣಾರೆ ನೋಡಬಹುದು. ಚೌಕದ ಉತ್ತರಕ್ಕಿರುವ ಕೆಥೆಡ್ರಲ್ ಎಲ್ಲ ದಿನವೂ ತೆರೆದಿರುತ್ತದೆ. 1573ರಲ್ಲಿ ಆರಂಭವಾಗಿ 1813ರಲ್ಲಿ ಮುಗಿದ ಕಟ್ಟಡ ಅದು. ಒಳಗೆ ಗುಮ್ಮಟದಿಂದ ಉದ್ದನೆಯ ತಂತಿಯಲ್ಲಿ ಒಂದು ತೂಗುಗುಂಡು ಇಳಿಬಿದ್ದಿದೆ, ನಮ್ಮ ಗಾರೆ ಕೆಲಸದವರು ಗೋಡೆಯ ನೇರ ನೋಡಲು ಹಿಡಿಯುವಂಥದ್ದೇ, ದೊಡ್ಡದು. ಕಟ್ಟಡ ವಾಲಿದಂತೆಲ್ಲ ಅದರ ತುದಿ ಸರಿದ ಜಾಡನ್ನು ಕೆಳಗೆ ನೆಲದ ಮೇಲೆ ಗುರುತು ಮಾಡಿದ್ದಾರೆ. ಹಾಗೆಯೇ, 1910ರಲ್ಲಿ ನಿಲ್ಲಿಸಿದ ಸ್ವಾತಂತ್ರ್ಯ ಸ್ತಂಭದ ಸುತ್ತಲಿನ ರಸ್ತೆ ಕುಸಿಯುತ್ತ ಹೋದದ್ದರಿಂದ ಅದರ ಬುಡಕ್ಕೆ 14 ಮೆಟ್ಟಿಲುಗಳನ್ನು ಹೊಸದಾಗಿ ಸೇರಿಸಬೇಕಾಯಿತು. ಕೆಥೆಡ್ರಲಿನ ಪಕ್ಕದಲ್ಲೇ ಇರುವ ಟೆಂಪ್ಲೊ ಮಾಯೋರ್ ಅವಶೇಷಗಳು ಬೀಗ ಹಾಕಿದ ದಿನವೂ ಬೀದಿಯ ಕಂಬಿಬೇಲಿಯಿಂದ ಸಾಕಷ್ಟು ಕಾಣುತ್ತವೆ. 1978ರ ಫೆಬ್ರುವರಿಯಲ್ಲಿ ವಿದ್ಯುತ್ ಕೆಲಸಗಾರರು ಅಲ್ಲಿ ಅಗೆಯುತ್ತಿದ್ದಾಗ ಕೊಯೊಲ್ಶೌಕಿ ದೇವತೆಯ ಮೂರು ಮೀಟರಿಗೂ ಅಗಲವಾದ ದುಂಡು ಕಲ್ಲು ಸಿಕ್ಕಿ, ಇಡೀ ಉತ್ಖನನ ಅಲ್ಲಿಂದ ಶುರುವಾಯಿತು. ಪೀನೊ ಸ್ವಾರೆಸ್ ಎಂಬ ಮೆಟ್ರೊ ನಿಲ್ದಾಣದಲ್ಲಿ ರೈಲು ಬದಲಿಸುವ ದಾರಿಯ ನಡುವೆಯೇ ಗಾಳಿದೇವರಾದ ಎಹೆಕಾಟ್ಲನ ಪುಟ್ಟ ಗುಡಿಯೊಂದಿದೆ. 1967ರಲ್ಲಿ ಮೆಟ್ರೊಗಾಗಿ ಅಗೆಯುವಾಗ ದೊರೆತದ್ದನ್ನು ಅಲ್ಲೇ ಉಳಿಸಿಕೊಂಡಿದ್ದಾರೆ. ನಿಮ್ಮ ಗೈಡಿಗೆ ಮನಸ್ಸಿದ್ದಿದ್ದರೆ ಆ ಸೋಮವಾರವೇ ಇವೆಲ್ಲವನ್ನೂ ಮಳೆಗೆ ಮೊದಲು ತೋರಿಸಬಹುದಿತ್ತು.

ನಾನು ಚಿತ್ರದುರ್ಗದವನು. ಬೆಂಗಳೂರಿನಿಂದ ಬಂದು, ಏಪ್ರಿಲಿನ ಮಧ್ಯಾಹ್ನದಲ್ಲಿ ಒಂದು ಗಂಟೆ ಕೋಟೆ ಹತ್ತಿಳಿದು, ‘ಬರೀ ಬಂಡೆ’ ಎಂದು ಹೊರಟುಹೋದವರನ್ನು ಬಹಳ ನೋಡಿದ್ದೇನೆ. ಅಕ್ಕ-ತಂಗಿ ಹೊಂಡದ ಬಳಿ ನಿಂತು, ಮೇಲಿನ ನೀರು ಕೆಳಗಿನದಕ್ಕೆ ಇಳಿದುಬರುವ ದಾರಿಯನ್ನು ಯಾರೂ ಅವರಿಗೆ ತೋರಿಸಿರುವುದಿಲ್ಲ. ಅಂಥವರ ಮೇಲೆ ನನಗೆ ಸಿಟ್ಟು ಬರುವುದಿಲ್ಲ, ಸಂಕಟವಾಗುತ್ತದೆ. ನಿಮ್ಮ ಪತ್ರ ಓದಿದಾಗಲೂ ಹಾಗೆಯೇ ಆಯಿತು.

ಜನವರಿಯಲ್ಲಿ ಮಂಗಳವಾರದಿಂದ ಶುಕ್ರವಾರದೊಳಗಿನ ದಿನವನ್ನು ಆರಿಸಿಕೊಳ್ಳಿ. ಭಾನುವಾರ ಅಲ್ಲಿಯ ನಾಗರಿಕರಿಗೆ ಇಂಥ ಕಡೆ ಪ್ರವೇಶ ಉಚಿತವಾದ್ದರಿಂದ ನೂಕುನುಗ್ಗಲು ಇರುತ್ತದೆ. ಬೆಳಿಗ್ಗೆ ಮಾನವಶಾಸ್ತ್ರ ಮ್ಯೂಸಿಯಂ ಒಂದನ್ನೇ ಇಟ್ಟುಕೊಳ್ಳಿ. 1964ರಲ್ಲಿ ತೆರೆದ ಆ ಕಟ್ಟಡದ ಅಂಗಳದಲ್ಲಿ ಒಂದೇ ಕಂಬದ ಮೇಲೆ ನಿಂತ ವಿಶಾಲ ಚಾವಣಿಯಿಂದ ನೀರು ಸುರಿಯುತ್ತಿರುತ್ತದೆ. ಎಲ್ಲ ಕೋಣೆಗಳನ್ನೂ ನೋಡಿಬಿಡುವ ಆಸೆ ಬೇಡ. 1790ರಲ್ಲಿ ಅದೇ ಸೊಕಾಲೊ ಚೌಕದಲ್ಲಿ ದೊರೆತ ಸುಮಾರು 24 ಟನ್ ತೂಕದ ಸೂರ್ಯಶಿಲೆ ಇರುವ ಅಜ್ಟೆಕ್ ವಿಭಾಗವನ್ನು ಕುಳಿತೂ ನಿಂತೂ ನೋಡಿ. ಆಮೇಲೆ ಮೆಕ್ಕೆಜೋಳಕ್ಕೆ ಸಂಬಂಧಿಸಿದ ವಸ್ತುಗಳನ್ನು ಹುಡುಕಿಕೊಂಡು ಹೋಗಿ. ನಿಮ್ಮ ಹೊಲದ ಬೆಳೆಯ ತವರು ಅದೇ ದೇಶ. ಸುಮಾರು 9,000 ವರ್ಷಗಳ ಹಿಂದೆ ಅಲ್ಲಿಯ ರೈತರು ಟಿಯೊಸಿಂಟೆ ಎಂಬ ಕಾಡುಹುಲ್ಲನ್ನು, ಒಂದು ತೆನೆಯಲ್ಲಿ ಹತ್ತು ಹನ್ನೆರಡು ಗಟ್ಟಿ ಕಾಳು ಬಿಡುವ ಹುಲ್ಲನ್ನು, ತಲೆಮಾರುಗಳ ಕಾಲ ಬೀಜ ಆರಿಸುತ್ತ ಆರಿಸುತ್ತ ಮೆಕ್ಕೆಜೋಳವಾಗಿಸಿದರು. ಆ ಕೆಲಸವೇನೆಂಬುದು ನಿಮಗೆ ಯಾವ ಗೈಡಿಗಿಂತಲೂ ಚೆನ್ನಾಗಿ ತಿಳಿದೀತು.

ಊಟದ ವಿಷಯವೂ ಇದಕ್ಕೆ ಸೇರಿದ್ದೇ. ಅಲ್ಲಿ ‘ಕಾರ್ನೆ’ (ಮಾಂಸ) ಬೇಡ ಎಂದರೆ ಎಷ್ಟೋ ಕಡೆ ದನ ಅಥವಾ ಹಂದಿಯ ಮಾಂಸ ಬೇಡವೆಂದಷ್ಟೇ ತಿಳಿಯುತ್ತಾರೆ. ಅನ್ನವನ್ನು ಕೋಳಿಯ ಸಾರಿನಲ್ಲಿ ಬೇಯಿಸುವುದೂ ಹುರುಳಿಕಾಯಿ ಜಾತಿಯ ಕಾಳನ್ನು ಹಂದಿ ಕೊಬ್ಬಿನಲ್ಲಿ ಹುರಿಯುವುದೂ ಸಾಮಾನ್ಯ. ಆದ್ದರಿಂದ ಮಾಂಸ, ಕೋಳಿ, ಸಾರು, ಕೊಬ್ಬು ನಾಲ್ಕೂ ಬೇಡವೆಂದು ಮಗಳಿಂದ ಸ್ಪ್ಯಾನಿಷಿನಲ್ಲಿ ಚೀಟಿ ಬರೆಯಿಸಿಕೊಳ್ಳಿ. ಮೆಕ್ಕೆಜೋಳದ ಟೊರ್ಟಿಯಾದ ಒಳಗೆ ಕುಂಬಳದ ಹೂವು ಅಥವಾ ನಮ್ಮ ಪಾಪಸುಕಳ್ಳಿಯಂಥ ಕಳ್ಳಿಯ ಎಲೆ ಇಟ್ಟು ಕೊಡುತ್ತಾರೆ, ನಿಮ್ಮ ಮನೆಯವರಿಗೆ ಹಿಡಿಸಬಹುದು. ಆ ರೊಟ್ಟಿಗೆ ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ರಾತ್ರಿಯಿಡೀ ನೆನೆಹಾಕಿ, ಸಿಪ್ಪೆ ಉಜ್ಜಿ ತೆಗೆದು ರುಬ್ಬುತ್ತಾರೆ. ಸುಣ್ಣದಿಂದಾಗಿಯೇ ಕಾಳಿನೊಳಗಿನ ನಯಾಸಿನ್ ಎಂಬ ಜೀವಸತ್ವ ಮೈಗೆ ದಕ್ಕುತ್ತದೆ. ಕಾಳನ್ನು ಒಯ್ದು ಈ ಕ್ರಮವನ್ನು ಬಿಟ್ಟ ಯೂರೋಪಿನಲ್ಲಿ, ಮೆಕ್ಕೆಜೋಳವನ್ನೇ ನೆಚ್ಚಿದ ಬಡವರು ಆ ಜೀವಸತ್ವದ ಕೊರತೆಯಿಂದ ಬರುವ ಪೆಲಾಗ್ರ ರೋಗದಿಂದ ನರಳಿದರು. ತೆನೆಗೆ ಬರುವ ಕಾಡಿಗೆ ರೋಗದ ಕಪ್ಪು ಗಂಟುಗಳನ್ನೇ ಮೆಕ್ಸಿಕೋದವರು ಉಯಿಟ್ಲಕೋಚೆ ಎಂದು ಪಲ್ಯ ಮಾಡಿ ತಿನ್ನುತ್ತಾರೆ; ಸಂತೆಯಲ್ಲಿ ಕಂಡರೆ ಒಂದು ಕ್ಷಣ ನಿಂತು ನೋಡಿ.

ಅಲ್ಲಿ ನೀಲಿ, ಕೆಂಪು, ಬಿಳಿ ಬಣ್ಣದ ತೆನೆಗಳನ್ನು ಕಂಡು ನಾಲ್ಕು ಕಾಳು ಊರಿಗೆ ತರಬೇಕೆಂದು ನಿಮಗೆ ಅನ್ನಿಸದೆ ಇರದು. ದಯವಿಟ್ಟು ತರಬೇಡಿ, ಆಮದು ಪರವಾನಗಿಯೂ ಸಸ್ಯ ಆರೋಗ್ಯ ಪ್ರಮಾಣಪತ್ರವೂ ಇಲ್ಲದೆ ಹೊರದೇಶದ ಬಿತ್ತನೆ ಕಾಳನ್ನು ಭಾರತಕ್ಕೆ ತರುವಂತಿಲ್ಲ. ಬದಲಿಗೆ ನಿಮ್ಮ ಹೊಲದ ತೆನೆಯ ಫೋಟೊ ಒಂದನ್ನು ಮೊಬೈಲಿನಲ್ಲಿ ಒಯ್ದು, ಮಾರುವ ಹೆಂಗಸಿಗೆ ತೋರಿಸಿ ಮಾತಿಗೆ ಕೂರಿ. ಮಗಳು ಜೊತೆಗಿದ್ದರೆ ಭಾಷೆಯ ಚಿಂತೆಯಿಲ್ಲ.